ಸಿನಿಮಾ ಗೇಮ್ ಆಡಿ ಸಾವಿರಕ್ಕೆ ಸಾವಿರ ತೆಗೆಯೋದು ಹೇಗೆ

ಡಿಸ್ಕ್ ಹಾಕೋಕೆ ಮುಂಚೆ ಅಚೀವ್‌ಮೆಂಟ್ ಲಿಸ್ಟ್ ಓದಿ, ಅಂದ್ರೆ ಗೇಮ್‌ನಲ್ಲಿ ಏನೇನು ಮಾಡಿದ್ರೆ ಪಾಯಿಂಟ್ ಸಿಗತ್ತೆ ಅನ್ನೋ ಪಟ್ಟಿ. ಇಲ್ಲಿ ಬರೆದಿರೋದ್ರಲ್ಲಿ ಬೇರೆ ಏನೂ ನೆನಪಲ್ಲಿ ಉಳೀದಿದ್ರೂ ಪರವಾಗಿಲ್ಲ, ಇದೊಂದು ಉಳಿದ್ರೆ ಸಾಕು. ದೊಡ್ಡ ಹಾಲಿವುಡ್ ಪಿಕ್ಚರ್ ರಿಲೀಸ್ ಆಗೋ ವಾರಾನೇ ಅದರ ಹೆಸರಲ್ಲಿ ಒಂದು ಗೇಮ್ ಬರ್ತಿತ್ತಲ್ಲ, ಪೋಸ್ಟರ್‌ನಲ್ಲಿರೋ ಫೋಟೋನೇ ಡಬ್ಬಿ ಮೇಲೂ ಇರೋದು, ಒಂದು ಭಾನುವಾರದಲ್ಲಿ ಕಥೆ ಮುಗಿದೋಗೋದು, ರಿವ್ಯೂ ಬರೆಯೋರು ಹತ್ತಕ್ಕೆ ಐದು ಕೊಟ್ಟು ಮುಂದೆ ಹೋಗೋರು, ಅಂಥ ಗೇಮ್‌ಗಳ ಬಗ್ಗೆ ಹೇಳ್ತಿರೋದು. ಇವನ್ನ ಹುಡುಕಿ ಹುಡುಕಿ ಆಡಿ ಲಿಸ್ಟ್ ಪೂರ್ತಿ ಮಾಡೋದು ನಂಗೆ ತುಂಬಾ ಇಷ್ಟದ ಕೆಲಸ. ತುಮಕೂರಲ್ಲಿ ಹಳೇ ಗೇಮ್ ಕನ್ಸೋಲ್‌ಗಳನ್ನ, ಅಂದ್ರೆ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360, ಸೋನಿಯ ಪಿಎಸ್3 (ಪ್ಲೇಸ್ಟೇಷನ್ 3), ಇನ್ನೂ ಟಿವಿ ಕೆಳಗೆ ಇಟ್ಕೊಂಡಿರೋರು ಒಂದಷ್ಟು ಜನ ಇದೀವಿ, ಕಾಲೇಜು ಹುಡುಗ್ರು ಬಂದು "ಅಣ್ಣ, ಯಾವುದ್ರಿಂದ ಶುರು ಮಾಡ್ಲಿ" ಅಂತ ಕೇಳ್ತಾನೇ ಇರ್ತಾರೆ, ಹಂಗಾಗಿ ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ.

ಮೊದಲು ಲೆಕ್ಕ ಗೊತ್ತಿರಲಿ. 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಗೇಮರ್‌ಸ್ಕೋರ್ ಬಂತು, ಅಚೀವ್‌ಮೆಂಟ್‌ಗಳಿಂದ ಸಿಗೋ ಪಾಯಿಂಟ್‌ಗಳ ಲೆಕ್ಕ ಅದು, ಡಿಸ್ಕ್‌ನಲ್ಲಿ ಬರೋ ಗೇಮ್‌ಗೆ 1000 ಪಾಯಿಂಟ್. ಗೇಮ್ ಎಷ್ಟೇ ಒಳ್ಳೇದಿರಲಿ ಎಷ್ಟೇ ಸಾಧಾರಣ ಇರಲಿ, ಸಾವಿರ ಅಂದ್ರೆ ಸಾವಿರಾನೇ. ಪಿಎಸ್3ಗೆ ಟ್ರೋಫಿ, ಅಂದ್ರೆ ಸೋನಿಯ ಅಚೀವ್‌ಮೆಂಟ್, ಬಂದಿದ್ದು 2008ರಲ್ಲಿ, 2.40 ಅಪ್‌ಡೇಟ್ ಜೊತೆ. ಬ್ರಾಂಝ್‌ಗೆ 15, ಸಿಲ್ವರ್‌ಗೆ 30, ಗೋಲ್ಡ್‌ಗೆ 90, ಎಲ್ಲಾ ತೆಗೆದ್ರೆ ಪ್ಲಾಟಿನಂ, ಅದಕ್ಕೆ ಈಗ 300. ಇನ್ನೊಂದು ಮುಖ್ಯ ವಿಷಯ, ಪ್ರತಿ ಗೇಮ್‌ಗೂ ಟ್ರೋಫಿ ಇರಲೇಬೇಕು ಅಂತ ಸೋನಿ ನಿಯಮ ಮಾಡಿದ್ದು 2009ರ ಜನವರಿಯಿಂದ. ಅದಕ್ಕಿಂತ ಹಳೇ ಪಿಎಸ್3 ಸಿನಿಮಾ ಗೇಮ್‌ಗಳಲ್ಲಿ ಬಹಳಷ್ಟಕ್ಕೆ ಟ್ರೋಫಿನೇ ಇಲ್ಲ. ಸೆಕೆಂಡ್ ಹ್ಯಾಂಡ್ ಅಂಗಡೀಲಿ ಕಡಿಮೆ ರೇಟಿಗೆ ಸಿಕ್ತು ಅಂತ 2007ರ ಡಿಸ್ಕ್ ಎತ್ಕೊಂಡು ಬರೋಕೆ ಮುಂಚೆ ಡಬ್ಬಿ ಹಿಂದಗಡೆ ಇಸವಿ ನೋಡಿ. 360 ಆದ್ರೆ ಈ ತಲೆನೋವಿಲ್ಲ, ಅದರಲ್ಲಿ ಮೊದಲನೇ ದಿನದಿಂದ್ಲೂ ಅಚೀವ್‌ಮೆಂಟ್ ಇದ್ವು.

ಸಿನಿಮಾ ಗೇಮೇ ಯಾಕೆ ಅಂತ ಕೇಳ್ತೀರ. ಈ ಗೇಮ್‌ಗಳು ಯಾಕೆ ಸಾಧಾರಣ ಆಗ್ತವೆ ಅನ್ನೋದ್ರಲ್ಲೇ ಅದಕ್ಕೂ ಉತ್ತರ ಇದೆ. ಪಿಕ್ಚರ್ ರಿಲೀಸ್ ಡೇಟ್ ಫಿಕ್ಸ್ ಆಗಿರತ್ತೆ, ಗೇಮ್ ಆ ದಿನಕ್ಕೆ ಅಂಗಡೀಲಿ ಇರಲೇಬೇಕು, ಚೆನ್ನಾಗಿ ಆಗಿಲ್ಲ ಇನ್ನಾರು ತಿಂಗಳು ಕೊಡಿ ಅಂತ ಕೇಳೋ ಹಂಗಿಲ್ಲ. 1982ರಲ್ಲಿ ಅಟಾರಿ ಕಂಪನಿ ಇ.ಟಿ. ಗೇಮ್ ಮಾಡ್ಸಿದಾಗ ಹೋವರ್ಡ್ ಸ್ಕಾಟ್ ವಾರ್ಶಾ ಅನ್ನೋ ಒಬ್ಬ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಐದು ವಾರ, ಕ್ರಿಸ್‌ಮಸ್ ಸೀಸನ್‌ಗೆ ಬರಬೇಕಿತ್ತು ಅಂತ. ಮಾರಾಟ ಆಗದೆ ಉಳಿದ ಕಾರ್ಟ್ರಿಜ್‌ಗಳನ್ನ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಕಸದ ಗುಂಡಿಗೆ ಹಾಕಿ ಮುಚ್ಚಿದ್ರು, 2014ರಲ್ಲಿ ಅಗೆದು ತೆಗೆದ್ರು. ಟೈಮ್ ಇಲ್ಲದಿದ್ದಾಗ ಅಚೀವ್‌ಮೆಂಟ್ ಲಿಸ್ಟೂ ಸರಳವಾಗೇ ಇರತ್ತೆ, ಒಂದನೇ ಚಾಪ್ಟರ್ ಮುಗಿಸಿದ್ರೆ ಒಂದು, ಎರಡನೇದು ಮುಗಿಸಿದ್ರೆ ಇನ್ನೊಂದು. ಜೊತೆಗೆ, ಆಡೋರು ಮಕ್ಕಳು ಅಂತ ಗೇಮೂ ತುಂಬಾ ಕಷ್ಟ ಇರಲ್ಲ. ನಮಗೆ ಬೇಕಾಗಿರೋದು ಇದೇ.

ಇಲ್ಲಿ ನಮ್ಮೋರ ಗೇಮ್ ಬಗ್ಗೇನೂ ಕೇಳ್ತಾರೆ. 2008ರಲ್ಲಿ ಹೈದರಾಬಾದ್‌ನ ಎಫ್‌ಎಕ್ಸ್‌ಲ್ಯಾಬ್ಸ್ ಅನ್ನೋರು ಘಜಿನಿ ಪಿಕ್ಚರ್‌ಗೆ ಪಿಸಿ ಗೇಮ್ ಮಾಡಿದ್ರು, 2011ರಲ್ಲಿ ರಾ.ಒನ್ ಗೇಮ್ ಪಿಎಸ್2, ಪಿಎಸ್3 ಎರಡಕ್ಕೂ ಬಂತು. ಸಿಕ್ಕಿದ್ರೆ ತಗೊಂಡು ಆಡಿ, ನಮ್ಮ ದೇಶದಲ್ಲಿ ಇಂಥ ಪ್ರಯತ್ನ ಮಾಡಿದೋರು ಬೆರಳೆಣಿಕೆ. ಪಾಯಿಂಟ್ ಬೇಕು ಅಂತಾದ್ರೆ ಮಾತ್ರ ಹಾಲಿವುಡ್ ಕಡೆಗೇ ಹೋಗ್ಬೇಕು.

ಲಿಸ್ಟ್ ಓದೋದು ಹೆಂಗೆ ಅಂದ್ರೆ, ಮೊದಲು ಆನ್‌ಲೈನ್ ಅನ್ನೋ ಪದ ಎಲ್ಲಾದ್ರೂ ಇದೆಯಾ ನೋಡಿ. ಹತ್ತು ಮ್ಯಾಚ್ ಗೆಲ್ಲಿ, ನೂರು ಜನನ್ನ ಹೊಡೀರಿ ಅಂತ ಆನ್‌ಲೈನ್ ಅಚೀವ್‌ಮೆಂಟ್ ಒಂದು ಇದ್ರೂ ಆ ಗೇಮ್ ಪಕ್ಕಕ್ಕಿಡಿ, ಯಾಕಂದ್ರೆ ಈ ಹಳೇ ಗೇಮ್‌ಗಳ ಸರ್ವರ್ ಮುಚ್ಚಿರೋದೇ ಹೆಚ್ಚು, ತೆರೆದಿದ್ರೂ ಒಳಗೆ ಯಾರೂ ಇರಲ್ಲ. ಆಮೇಲೆ ಡಿಫಿಕಲ್ಟಿ. ಹಾರ್ಡ್‌ನಲ್ಲಿ ಮುಗಿಸಿದ್ರೆ ಈಸಿ, ನಾರ್ಮಲ್‌ದೂ ಒಟ್ಟಿಗೇ ಬೀಳತ್ತಾ, ಇಲ್ಲ ಮೂರು ಸಲ ಬೇರೆ ಬೇರೆ ಆಡ್ಬೇಕಾ? ಒಟ್ಟಿಗೇ ಬಿದ್ರೆ ಕೆಲಸ ಮೂರರಲ್ಲಿ ಒಂದು ಭಾಗ ಆಯ್ತು. ಕೊನೇದಾಗಿ, ಒಂದ್ಸಲ ದಾಟಿ ಹೋದ್ರೆ ಮತ್ತೆ ಸಿಗದೇ ಇರೋದು ಏನಾದ್ರೂ ಇದೆಯಾ. ಗೇಮ್‌ನಲ್ಲಿ ಚಾಪ್ಟರ್ ಸೆಲೆಕ್ಟ್ ಇದ್ರೆ ಈ ಭಯ ಬೇಡ, ವಾಪಸ್ ಹೋಗಿ ತಗೋಬಹುದು. ಚಾಪ್ಟರ್ ಸೆಲೆಕ್ಟ್ ಇಲ್ಲ, ಆಟ ಉಳಿಸೋ ಸೇವ್ ಸ್ಲಾಟೂ ಒಂದೇ ಅಂದ್ರೆ ಮಾತ್ರ ಗೈಡ್ ಪಕ್ಕದಲ್ಲಿ ಇಟ್ಕೊಂಡೇ ಕೂತ್ಕೊಳ್ಳಿ.

ಶುರು ಮಾಡೋಕೆ ನಾನು ಹೇಳೋದು 2009ರ ಟರ್ಮಿನೇಟರ್ ಸಾಲ್ವೇಶನ್. 360ನಲ್ಲೂ ಇದೆ ಪಿಎಸ್3ನಲ್ಲೂ ಇದೆ. ಹಾರ್ಡ್ ಇಟ್ಕೊಂಡು ಒಂದ್ಸಲ ಕಥೆ ಮುಗಿಸಿದ್ರೆ ಲಿಸ್ಟ್ ಪೂರ್ತಿ, ಬಾಕಿ ಏನೂ ಉಳಿಯಲ್ಲ, ಹುಡುಕೋ ವಸ್ತು ಇಲ್ಲ ಆನ್‌ಲೈನ್ ಇಲ್ಲ. ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ್ಕೊಂಡು ಬಂದು ಕೂತ್ರೆ ಸಂಜೆ ಕಾಫಿ ಹೊತ್ತಿಗೆ ಏಳ್ಬಹುದು. ಆದ್ರೆ ಹಾರ್ಡ್ ಅಂದ್ರೆ ಹಾರ್ಡೇ, ಸುಮ್ನೆ ಎದ್ದು ನಿಂತು ಗುಂಡು ಹಾರಿಸಿದ್ರೆ ಒಂದೇ ಜಾಗದಲ್ಲಿ ಸಾಯ್ತಾನೇ ಇರ್ತೀರ. ಮರೆಯಿಂದ ಮರೆಗೆ ಓಡೋದನ್ನ ಮೊದಲನೇ ಚಾಪ್ಟರ್‌ನಲ್ಲೇ ಕೈಗೆ ಅಭ್ಯಾಸ ಮಾಡ್ಕೊಳ್ಳಿ. ನಾಲ್ಕು ಕಾಲಿನ ಜೇಡದ ಥರ ಒಂದು ರೋಬೋಟ್ ಬರತ್ತೆ, ಅದರ ಮುಂದಗಡೆ ಎಷ್ಟು ಹೊಡೆದ್ರೂ ದಂಡ, ಬೆನ್ನ ಹಿಂದೆ ಮಾತ್ರ ಅದಕ್ಕೆ ಏಟು ತಗಲೋದು. ಅದು ನಿಮ್ಮ ಜೊತೆಯೋರ ಕಡೆ ಗುರಿ ಇಟ್ಟಿರೋವಾಗ ನೀವು ಪಕ್ಕದಿಂದ ಸುತ್ಕೊಂಡು ಹೋಗಿ ಹಿಂದಿಂದ ಹೊಡೀರಿ. ಹಾರಾಡ್ಕೊಂಡು ಗುಂಪಾಗಿ ಬರೋ ಸಣ್ಣವು ಮೊದಲು, ಜೇಡ ಆಮೇಲೆ, ಈ ಕ್ರಮ ತಪ್ಪಿಸ್ಬೇಡಿ, ಜೇಡದ ಹಿಂದೆ ಹೋಗೋ ಹೊತ್ತಲ್ಲಿ ಆ ಸಣ್ಣವೇ ನಿಮ್ಮ ಪ್ರಾಣ ತೆಗೆಯೋದು. ಗ್ರೆನೇಡ್ ಉಳಿಸ್ಕೊಂಡಿರಿ, ಚೆಕ್‌ಪಾಯಿಂಟ್ (ಸತ್ತರೆ ಮತ್ತೆ ಶುರುವಾಗೋ ಜಾಗ) ದೂರ ಇರೋ ಕಡೆಗಳಲ್ಲಿ ಬೇಕಾಗತ್ತೆ.

ಇನ್ನೂ ಒಳ್ಳೇ ದಾರಿ ಅಂದ್ರೆ ಇಬ್ರು ಕೂತು ಆಡೋದು. ಒಂದೇ ಟಿವೀಲಿ ಸ್ಕ್ರೀನ್ ಎರಡು ಭಾಗ ಆಗತ್ತೆ. ನಾನು ಚಿಕ್ಕಪ್ಪನ ಮಗನ ಜೊತೆ ಆಡಿದ್ದು, ಅವನು ಒಂದು ಕಡೆಯಿಂದ ಗುಂಡು ಹಾರಿಸ್ತಾ ಜೇಡನ ತನ್ನ ಕಡೆ ತಿರುಗಿಸ್ಕೊಳ್ಳೋನು, "ಅಣ್ಣ ಈಗ ಓಡು, ನನ್ ಕಡೆ ತಿರುಗೈತೆ" ಅನ್ನೋನು, ನಾನು ಹಿಂದೆ ಹೋಗಿ ಮುಗಿಸೋದು. ಕಂಪ್ಯೂಟರ್ ಆಡಿಸೋ ಜೊತೆಗಾರರು ಇಷ್ಟು ಚೆನ್ನಾಗಿ ಸಾಥ್ ಕೊಡಲ್ಲ. ಈ ಗೇಮ್ ಮಾಡಿದ್ದು ಸ್ವೀಡನ್‌ನ ಗ್ರಿನ್ ಅನ್ನೋ ಸ್ಟುಡಿಯೋ, ಅದೇ ವರ್ಷ ವಾಂಟೆಡ್ ಪಿಕ್ಚರ್ ಗೇಮೂ ಅವರದ್ದೇ, ಅದೇ ವರ್ಷ ಆಗಸ್ಟ್‌ನಲ್ಲಿ ಸ್ಟುಡಿಯೋನೇ ಮುಚ್ಚಿ ಹೋಯ್ತು. ಕ್ರೆಡಿಟ್ಸ್ ಬಂದಾಗ ಸ್ಕಿಪ್ ಮಾಡ್ಬೇಡಿ, ಅಷ್ಟು ಜನರ ಹೆಸರು ಓಡತ್ತೆ, ಡೇಟ್‌ಗೆ ಮುಗಿಸ್ಬೇಕು ಅಂತ ರಾತ್ರಿ ಎಲ್ಲಾ ಕೂತು ಮಾಡಿರ್ತಾರೆ ಪಾಪ.

360 ಒಂದೇ ಇರೋರಿಗೆ 2005ರ ಕಿಂಗ್ ಕಾಂಗ್. ಇದನ್ನ ಸಾಧಾರಣ ಅಂತ ಕರೆಯೋಕೆ ಬಾಯಿ ಬರಲ್ಲ, ನಿಜವಾಗ್ಲೂ ಒಳ್ಳೇ ಗೇಮ್, ರೇಮನ್ ಮಾಡಿದ ಮಿಶೆಲ್ ಆನ್ಸೆಲ್ ಅವರ ತಂಡದ್ದು. ಸ್ಕ್ರೀನ್ ಮೇಲೆ ಹೆಲ್ತ್ ಪಟ್ಟಿ ಇಲ್ಲ, ಗುಂಡಿನ ಲೆಕ್ಕ ಇಲ್ಲ, ಎಷ್ಟು ಗುಂಡು ಉಳಿದಿದೆ ಅಂತ ಆ ಪಾತ್ರಾನೇ ಬಾಯಲ್ಲಿ ಹೇಳತ್ತೆ. ಬರೀ ಕಥೆ ಮುಗಿಸಿದ್ರೆ ಸಾವಿರಕ್ಕೆ ಸಾವಿರ. 360 ಒಂದೇ ಇರೋ ಹೊಸಬ್ರಿಗೆ ಇದಕ್ಕಿಂತ ಒಳ್ಳೇ ಮೊದಲ ಗೇಮ್ ಇಲ್ಲ ಅಂತೀನಿ ನಾನು. ಹನ್ನಾ ಮೊಂಟಾನಾ ಪಿಕ್ಚರ್ ಗೇಮ್ ಸುಲಭದ ಪ್ಲಾಟಿನಂಗೆ ಹೆಸರುವಾಸಿ, ದೊಡ್ಡೋರು ಆಡೋದಾ ಅಂತ ಸಂಕೋಚ ಪಡೋರಿಗೆ ನಾನು ಹೇಳೋದು ಇಷ್ಟೇ, ಚಿಕ್ಕ ಹುಡುಗೀರಿಗೆ ಅಂತ ಮಾಡಿದ್ದನ್ನೂ ಮನಸಿಟ್ಟು ಆಡಿ, ಖುಷಿ ಸಿಗತ್ತೆ. ಅವತಾರ್ ದಿ ಬರ್ನಿಂಗ್ ಅರ್ಥ್ ಅಂತ 2007ರದ್ದು ಒಂದಿದೆ, ಟಿಎಚ್‌ಕ್ಯೂ ಕಂಪನಿಯದ್ದು, ಸಿನಿಮಾದ್ದಲ್ಲ ಕಾರ್ಟೂನ್ ಸೀರಿಯಲ್‌ದು, ಶುರುವಲ್ಲೇ ಒಂದು ಕಡೆ ನಿಂತು ಹೊಡೆತದ ಲೆಕ್ಕ 50 ಮುಟ್ಟಿಸಿದ್ರೆ ಕೆಲವೇ ನಿಮಿಷದಲ್ಲಿ ಸಾವಿರಾನೂ ಬಂದ್ಬಿಡತ್ತೆ. ಪ್ರಪಂಚದಲ್ಲೆಲ್ಲಾ ಫೇಮಸ್ ಅದು. ನಾನು ಮಾತ್ರ ಅದನ್ನ ಯಾರಿಗೂ ಮೊದಲನೇದಾಗಿ ಹೇಳಲ್ಲ. ಅಷ್ಟು ಬೇಗ ಬಂದಿದ್ದು ಪ್ರೊಫೈಲ್‌ನಲ್ಲಿ ನಂಬರ್ ಆಗಿ ಉಳಿಯತ್ತೆ ಹೊರತು ಆಡಿದ ನೆನಪು ಅಂತ ಏನೂ ಇರಲ್ಲ.

ಡಿಸ್ಕ್ ಎಲ್ಲಿ ಸಿಗತ್ತೆ? 360ನ ಆನ್‌ಲೈನ್ ಸ್ಟೋರ್ 2024ರ ಜುಲೈ 29ಕ್ಕೆ ಮುಚ್ಚಿತು, ಮುಂಚೆ ಕೊಂಡಿದ್ದನ್ನ ಮತ್ತೆ ಡೌನ್‌ಲೋಡ್ ಮಾಡ್ಕೋಬಹುದು, ಹೊಸದು ಕೊಳ್ಳೋಕಾಗಲ್ಲ. ಅದೂ ಅಲ್ದೆ ಸಿನಿಮಾ ಗೇಮ್‌ಗಳ ಲೈಸೆನ್ಸ್ ಅವಧಿ ಮುಗಿದ ತಕ್ಷಣ ಸ್ಟೋರ್‌ನಿಂದ ಎತ್ಬಿಡ್ತಾರೆ, ಫಾಸ್ಟ್ ಅಂಡ್ ಫ್ಯೂರಿಯಸ್ ಕ್ರಾಸ್‌ರೋಡ್ಸ್ 2020ರಲ್ಲಿ ಬಂದು 2022ರಲ್ಲೇ ಮಾರಾಟದಿಂದ ಹೋಯ್ತು. ಹಂಗಾಗಿ ಡಿಸ್ಕೇ ಗತಿ. ತುಮಕೂರಲ್ಲಿ ಹಳೇ ಡಿಸ್ಕ್ ಸಿಗೋದು ಕಷ್ಟ, ಪರಿಚಯದೋರ ಅಟ್ಟದ ಮೇಲೆ ಇದ್ರೆ ಉಂಟು. ಬೆಂಗಳೂರು 70 ಕಿಲೋಮೀಟರ್, ಬೆಳಗಿನ ಟ್ರೈನ್ ಹತ್ತಿ ಮೆಜೆಸ್ಟಿಕ್ ಹತ್ರ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕೇಳ್ಕೊಂಡು ಬರೋದು ಒಂದು ದಿನದ ಕೆಲಸ. ಅಂಗಡೀಲಿ "ಅಣ್ಣ, ಒಂದ್ಸಲ ಹಾಕಿ ತೋರಿಸ್ತೀರಾ" ಅಂತ ಮರ್ಯಾದೆಯಾಗಿ ಕೇಳಿ, ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಡಿಸ್ಕ್ ತಿರುಗಿಸಿ ಲೈಟ್‌ಗೆ ಹಿಡೀರಿ, ಮಧ್ಯದಿಂದ ಅಂಚಿಗೆ ಹೋಗಿರೋ ಗೀರು ಅಷ್ಟು ಅಪಾಯ ಅಲ್ಲ, ವೃತ್ತದ ಥರ ಸುತ್ತ ಬಿದ್ದಿರೋ ಗೀರು ಇದ್ರೆ ವಾಪಸ್ ಕೊಟ್ಬಿಡಿ, ಅದು ಯಾವುದೋ ಚಾಪ್ಟರ್ ಲೋಡ್ ಆಗೋವಾಗ ನಿಂತೋಗತ್ತೆ. ಪಿಎಸ್3 ಗೇಮ್‌ಗೆ ರೀಜನ್ ಚಿಂತೆ ಹೆಚ್ಚುಕಮ್ಮಿ ಇಲ್ಲ, ಎಲ್ಲಿಯ ಡಿಸ್ಕ್ ಆದ್ರೂ ಓಡತ್ತೆ. 360ಗೆ ಹಂಗಲ್ಲ, ನಮ್ಮ ಕಡೆಯ ಕನ್ಸೋಲ್ ಪಾಲ್ ಅನ್ನೋ ಟಿವಿ ಪದ್ಧತಿಯದ್ದು, ಅಮೆರಿಕದ ಡಿಸ್ಕ್ ಕೆಲವು ಓಡ್ತವೆ ಕೆಲವು ಓಡಲ್ಲ, ಡಬ್ಬಿ ಮೇಲೆ ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ) ಅಂತ ಇದ್ರೆ ಆ ಗೇಮ್ ಬಗ್ಗೆ ವಿಚಾರಿಸಿ ತಗೊಳ್ಳಿ.

ಈಗ ಕರೆಂಟ್ ವಿಷಯ, ಇದನ್ನ ಬೇರೆ ದೇಶದ ಗೈಡ್ ಯಾವುದ್ರಲ್ಲೂ ಬರೆಯಲ್ಲ. ಈ ಗೇಮ್‌ಗಳಲ್ಲಿ ಬಹಳಷ್ಟು ಆಟೋಸೇವ್, ಅದೂ ಒಂದೇ ಸ್ಲಾಟ್. ಸೇವ್ ಗುರುತು ತಿರುಗ್ತಿರೋವಾಗ್ಲೇ ಕರೆಂಟ್ ಹೋದ್ರೆ ಸೇವ್ ಫೈಲ್ ಕೆಡಬಹುದು, ಆಗ ಮೊದಲಿಂದ. ಬೇಸಿಗೇಲಿ, ಮಳೆ ಶುರುವಾಗೋ ಟೈಮಲ್ಲಿ ನಮ್ಮ ಕಡೆ ಕರೆಂಟ್ ನಂಬೋ ಹಂಗೇ ಇಲ್ಲ. ಕನ್ಸೋಲ್ ಟಿವಿ ಎರಡನ್ನೂ ಯುಪಿಎಸ್‌ಗೆ ಹಾಕಿ, ಮೊದಲು ಬಂದ ದಪ್ಪ ಪಿಎಸ್3 ಆಡೋವಾಗ 200 ವ್ಯಾಟ್ ಹತ್ರ ಎಳೆಯತ್ತೆ, ಸ್ಲಿಮ್ ಸುಮಾರು ಅದರ ಅರ್ಧ, ಅದು ನೋಡ್ಕೊಂಡು ಯುಪಿಎಸ್ ಸೈಜ್ ತಗೊಳ್ಳಿ. ಮನೇಲಿ ಇನ್ವರ್ಟರ್ ಇದ್ರೂ ಕರೆಂಟ್ ಹೋಗಿ ಅದು ಹತ್ಕೊಳ್ಳೋ ಆ ಒಂದು ಕ್ಷಣದಲ್ಲಿ ಕನ್ಸೋಲ್ ಆಫ್ ಆಗ್ಬಹುದು, ಯುಪಿಎಸ್ ಮೋಡ್ ಇರೋ ಇನ್ವರ್ಟರ್ ಆದ್ರೆ ಆ ಮೋಡ್ ಹಾಕಿಡಿ. ಪ್ರತಿ ಸಲ ಎದ್ದೇಳೋಕೆ ಮುಂಚೆ ಸೇವ್ ಫೈಲ್ ಪೆನ್‌ಡ್ರೈವ್‌ಗೆ ಕಾಪಿ ಹಾಕೋ ಅಭ್ಯಾಸ ಇರಲಿ, ಪಿಎಸ್3ನಲ್ಲಿ ಕೆಲವು ಗೇಮ್ ಕಾಪಿ ಮಾಡೋಕೆ ಬಿಡಲ್ಲ, ಬಿಡೋದನ್ನಾದ್ರೂ ಮಾಡಿ.

ಕಥೆ ಮಾತ್ರ ಇರೋ ಲಿಸ್ಟ್ ಮುಗಿದ ಮೇಲೆ, ಲೆವೆಲ್‌ಗಳಲ್ಲಿ ಬಚ್ಚಿಟ್ಟಿರೋ ವಸ್ತು ಹುಡುಕೋ ಗೇಮ್‌ಗಳಿಗೆ ಬನ್ನಿ. ಇಲ್ಲಿ ಎಲ್ರೂ ಸುಸ್ತಾಗೋದು ಒಂದೇ ಕಾರಣಕ್ಕೆ, ಎಲ್ಲಾ ಗೇಮ್ ಮುಗಿಸಿ ಕೊನೇಲಿ ಹುಡುಕ್ತೀನಿ ಅಂತ ಬಿಟ್ಟಿರ್ತಾರೆ, ನೂರರಲ್ಲಿ ತೊಂಬತ್ತೆಂಟು ಸಿಕ್ಕಿ ಎರಡು ಎಲ್ಲಿದೆ ಗೊತ್ತಾಗದೆ ಕೂತಿರ್ತಾರೆ. ಗೇಮ್ ಯಾವ ಲೆವೆಲ್‌ನಲ್ಲಿ ಎಷ್ಟು ಸಿಕ್ಕಿದೆ ಅಂತ ತೋರಿಸದಿದ್ರೆ ನೀವೇ ಒಂದು ನೋಟ್‌ಬುಕ್‌ನಲ್ಲಿ ಲೆವೆಲ್ ಹೆಸರು ಬರ್ಕೊಂಡು, ಸಿಕ್ಕಿದ್ದಕ್ಕೆಲ್ಲಾ ಟಿಕ್ ಹಾಕ್ಕೊಂಡು ಹೋಗಿ. ಲೆವೆಲ್ ಮುಗಿಯೋ ಬಾಗಿಲ ಹತ್ರ ಬಂದಾಗ ಒಂದ್ಸಲ ನಿಂತು ಲೆಕ್ಕ ನೋಡಿ, ಕಮ್ಮಿ ಇದ್ರೆ ಅಲ್ಲಿಂದ್ಲೇ ವಾಪಸ್ ನಡೀರಿ. ಇದಕ್ಕೊಂದು ಲಾಭ ಇದೆ, ಮೂಲೆ ಮೂಲೆ ನೋಡ್ತಾ ಹೋದಾಗ ಗೇಮ್ ಮಾಡಿದೋರು ಎಲ್ಲಿ ಪ್ರೀತಿ ಇಟ್ಟಿದಾರೆ ಅಂತ ಕಾಣತ್ತೆ, ಯಾರೂ ಹೋಗದ ಒಂದು ರೂಮಲ್ಲಿ ಗೋಡೆ ಮೇಲಿನ ಚಿತ್ರ, ಟೇಬಲ್ ಮೇಲಿನ ಸಾಮಾನು, ಎಷ್ಟು ನೀಟಾಗಿ ಮಾಡಿರ್ತಾರೆ ಗೊತ್ತಾ, ರಿವ್ಯೂ ಬರೆದೋರು ಆ ರೂಮ್ ನೋಡೇ ಇರಲ್ಲ. 2010ರ ಟಾಯ್ ಸ್ಟೋರಿ 3 ಗೇಮ್‌ನಲ್ಲಿ ಟಾಯ್ ಬಾಕ್ಸ್ ಅಂತ ಒಂದು ಊರೇ ಇದೆ, ಕಥೆ ಮುಗಿಸಿ ಹೊರಟೋದೋರು ಗೇಮಿನ ಒಳ್ಳೇ ಭಾಗಾನೇ ನೋಡದೆ ಹೋದಂಗೆ.

ಲೆಗೋ ಸಿನಿಮಾ ಗೇಮ್‌ಗಳು ಉದ್ದ, ವಾರಗಟ್ಟಲೆ ಹಿಡಿಯತ್ತೆ, ಆದ್ರೆ ಒಂದು ಟ್ರಿಕ್ ಗೊತ್ತಿದ್ರೆ ಅರ್ಧ ಹಗುರ. ಅದರಲ್ಲಿ ನಾಣ್ಯದ ಥರ ಸ್ಟಡ್ ಸಿಗ್ತವೆ, ರೆಡ್ ಬ್ರಿಕ್ (ಬಚ್ಚಿಟ್ಟಿರೋ ಕೆಂಪು ಇಟ್ಟಿಗೆ) ಹುಡುಕಿ, ಸ್ಟಡ್ ಕೊಟ್ಟು ಕೊಂಡ್ರೆ ಸ್ಟಡ್ ಎರಡು ಪಟ್ಟು, ನಾಲ್ಕು, ಆರು, ಎಂಟು, ಹತ್ತು ಪಟ್ಟು ಆಗತ್ತೆ. ಇವು ಕೂಡಿಸಿ ಮೂವತ್ತು ಪಟ್ಟು ಅಲ್ಲ, ಒಂದಕ್ಕೊಂದು ಗುಣಿಸ್ಕೊಳ್ತವೆ, ಐದೂ ಆನ್ ಮಾಡಿದ್ರೆ 3840 ಪಟ್ಟು. ಹಂಗಾಗಿ ಎರಡು ಪಟ್ಟಿಂದು ಮೊದಲು ತಗೊಂಡು ಆ ದುಡ್ಡಲ್ಲಿ ನಾಲ್ಕು ಪಟ್ಟಿಂದು, ಹಂಗೇ ಮೇಲೆ ಹೋಗಿ. ಮೊದಲನೇ ಸಲ ಕಥೆ ಆಡೋವಾಗ ಏನೂ ಹುಡುಕ್ಬೇಡಿ, ಅರ್ಧಕ್ಕರ್ಧ ಜಾಗ ತೆರೆಯೋ ಪಾತ್ರಗಳೇ ನಿಮ್ಮ ಹತ್ರ ಇರಲ್ಲ. ಎಲ್ಲಾ ಮುಗಿಸಿ ಫ್ರೀ ಪ್ಲೇನಲ್ಲಿ, ಅಂದ್ರೆ ಸಿಕ್ಕಿದ ಪಾತ್ರಗಳನ್ನ ಹಾಕ್ಕೊಂಡು ಹಳೇ ಲೆವೆಲ್ ಮತ್ತೆ ಆಡೋ ಮೋಡ್‌ನಲ್ಲಿ, ವಾಪಸ್ ಬನ್ನಿ. ಮೇಲೆ ಹೇಳಿದ್ದಕ್ಕೆ ಇದು ಉಲ್ಟಾ ಅನ್ಸತ್ತೆ, ಲೆಗೋಗೆ ಮಾತ್ರ ಇದೇ ಸರಿ.

ಬೇರೆಯೋರ ಸೇವ್ ಫೈಲ್ ಹಾಕ್ಕೊಂಡು, ಯಾವುದೋ ಸಾಫ್ಟ್‌ವೇರ್‌ನಲ್ಲಿ ಅಚೀವ್‌ಮೆಂಟ್ ತೆರೆಯೋದು ಮಾತ್ರ ಬೇಡವೇ ಬೇಡ. 2008ರಲ್ಲಿ ಮೈಕ್ರೋಸಾಫ್ಟ್ ಹಂಗೆ ಮಾಡಿದೋರ ಗೇಮರ್‌ಸ್ಕೋರ್ ಸೊನ್ನೆ ಮಾಡಿ ಪ್ರೊಫೈಲ್ ಮೇಲೆ ಚೀಟರ್ ಅಂತ ಹಣೆಪಟ್ಟಿ ಹಾಕ್ತು. ಶಿಕ್ಷೆ ಬಿಡಿ, ಆಡದೆ ಬಂದ ಸಾವಿರದಲ್ಲಿ ಏನಿದೆ ಹೇಳಿ.

ಕನ್ಸೋಲ್ ಇಲ್ಲದೋರು ಬೇಜಾರಾಗ್ಬೇಡಿ. ರೆಟ್ರೋಅಚೀವ್‌ಮೆಂಟ್ಸ್ ಅಂತ ಒಂದು ವೆಬ್‌ಸೈಟ್ ಇದೆ, ಫ್ರೀ, ಹಳೇ ಲ್ಯಾಪ್‌ಟಾಪ್ ಸಾಕು. ರೆಟ್ರೋಆರ್ಚ್ ಥರದ ಎಮ್ಯುಲೇಟರ್‌ನಲ್ಲಿ (ಹಳೇ ಕನ್ಸೋಲ್ ಗೇಮ್‌ನ ಕಂಪ್ಯೂಟರ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಲಾಗಿನ್ ಮಾಡ್ಕೊಂಡ್ರೆ ನಿಮ್ಮ ಹತ್ರ ಇರೋ ಹಳೇ ಮೆಗಾಡ್ರೈವ್, ಸೂಪರ್ ನಿಂಟೆಂಡೊ ಕಾಲದ ಗೇಮ್‌ಗಳಿಗೂ ಅಚೀವ್‌ಮೆಂಟ್ ಬರತ್ತೆ, ಲಿಸ್ಟ್ ಮಾಡಿರೋದು ಆಟ ಆಡೋ ಜನಾನೇ. ಹಾರ್ಡ್‌ಕೋರ್ ಮೋಡ್ ಆನ್ ಇಟ್ಕೊಳ್ಳಿ, ಸೇವ್ ಸ್ಟೇಟ್ (ಯಾವ ಕ್ಷಣದಲ್ಲಾದ್ರೂ ಉಳಿಸಿಟ್ಟ ಆಟ) ಲೋಡ್ ಮಾಡೋಕೆ ಬಿಡಲ್ಲ, ಅದೇ ನಿಜವಾದ ಲೆಕ್ಕ. 1994ರ ಲಯನ್ ಕಿಂಗ್‌ನಿಂದ ಮಾತ್ರ ಶುರು ಮಾಡ್ಬೇಡಿ, ಬಾಡಿಗೆಗೆ ತಂದೋರು ಎರಡೇ ದಿನದಲ್ಲಿ ಮುಗಿಸಿ ವಾಪಸ್ ಕೊಡಬಾರದು ಅಂತ ಅದರ ಎರಡನೇ ಲೆವೆಲ್ ಬೇಕಂತ್ಲೇ ಕಷ್ಟ ಮಾಡಿದಾರೆ.

ಲಿಸ್ಟ್ ಪೂರ್ತಿ ಆದ್ಮೇಲೆ ಡಿಸ್ಕ್ ಇನ್ನೊಬ್ರಿಗೆ ಕೊಡೋಕೆ ಅವಸರ ಮಾಡ್ಬೇಡಿ. ನೆಟ್ ಇಲ್ಲದೆ ಆಡಿದ್ರೆ 360ನಲ್ಲಿ ಅಚೀವ್‌ಮೆಂಟ್ ಬರತ್ತೆ, ತಾರೀಕು ಮಾತ್ರ ಬರಲ್ಲ, ಆಮೇಲೆ ಕನೆಕ್ಟ್ ಮಾಡಿದ್ರೂ ತಾರೀಕು ಖಾಲಿನೇ, ಅದು ಬೇಕು ಅನ್ನೋರು ಮೊಬೈಲ್ ಹಾಟ್‌ಸ್ಪಾಟ್ ಆದ್ರೂ ಹಾಕ್ಕೊಂಡು ಆಡಿ. ಪಿಎಸ್3ನಲ್ಲಿ ಟ್ರೋಫಿ ಮೆನುಗೆ ಹೋಗಿ ಸಿಂಕ್ (ಸೋನಿ ಸರ್ವರ್‌ಗೆ ಕಳಿಸೋದು) ಒತ್ತೋವರೆಗೂ ಎಲ್ಲಾ ಆ ಹಾರ್ಡ್‌ಡಿಸ್ಕ್‌ನಲ್ಲೇ ಇರತ್ತೆ, ಹಳೇ ಹಾರ್ಡ್‌ಡಿಸ್ಕ್ ಯಾವಾಗ ಕೈಕೊಡತ್ತೆ ಹೇಳೋಕಾಗಲ್ಲ, ಆಡಿದ ದಿನಾನೇ ಸಿಂಕ್ ಮಾಡಿ. ಬೇರೆ ಫೋನ್‌ನಿಂದ ಪ್ರೊಫೈಲ್ ತೆಗೆದು ನೋಡಿ, ಅಲ್ಲಿ ಸಾವಿರಕ್ಕೆ ಸಾವಿರ ಅಥವಾ ಪ್ಲಾಟಿನಂ ಕಂಡ್ರೆ ಆಗ ಡಿಸ್ಕ್ ಒರೆಸಿ ಡಬ್ಬಿಗೆ ಹಾಕಿ, ಬೇಕು ಅಂತ ಕಾಯ್ತಿರೋ ಹುಡುಗನಿಗೆ ಕೊಡಿ, ನಿಮ್ಮ ನೋಟ್‌ಬುಕ್ ಹಾಳೆನೂ ಜೊತೆಗೆ ಕೊಡಿ.